ಬೆಲೆ ಹೇಳದ ಹುಡುಗ

ಹತ್ತು ವರ್ಷದ ಹಿಂದಿನ ಮಾತು. ಮಗಳಿಗೆ ಶೂ ತರೋಣ ಅಂತ ಅಮೆರಿಕದ ಟೆಕ್ಸಾಸ್‌ನಲ್ಲಿರೋ ನಮ್ಮೂರು ಆಸ್ಟಿನ್‌ನ ಡೊಮೇನ್ ಮಾಲ್‌ಗೆ ಹೋಗಿದ್ದೆವು. ಅಲ್ಲೊಂದು ಗಾಜಿನ ಮಳಿಗೆ, ಒಳಗೆ ಟೆಸ್ಲಾ ಕಂಪನಿಯ ಕೆಂಪು ಬಣ್ಣದ ಎಲೆಕ್ಟ್ರಿಕ್ ಕಾರು. ನಮ್ಮವರು ಶೂ ಮರೆತು ಸೀದಾ ಒಳಗೆ ಹೋದರು. ಅಲ್ಲಿದ್ದ ಹುಡುಗ ಬಲು ಉತ್ಸಾಹದಿಂದ ಬಾನೆಟ್ ಎತ್ತಿ, ಇಂಜಿನ್ ಇರಬೇಕಾದ ಜಾಗದಲ್ಲಿ ಖಾಲಿ ಡಬ್ಬ ಇರೋದನ್ನು ತೋರಿಸಿದ. "ಎಷ್ಟಾಗುತ್ತೆ?" ಅಂದರು ಇವರು. ಹುಡುಗ ನಕ್ಕ. ಅದನ್ನು ನಾನು ಹೇಳೋ ಹಾಗಿಲ್ಲ ಅಂದ. ಓಡಿಸಿ ನೋಡಬಹುದಾ? ಅದೂ ಇಲ್ಲ. ಮನೆಗೆ ಹೋಗಿ ವೆಬ್‌ಸೈಟ್ ನೋಡಿ ಅಂದ.

ಇವನಿಗೆ ಕೆಲಸ ಬರಲ್ಲವೇನೋ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಟೆಕ್ಸಾಸ್ ಕಾನೂನು. ಕಾರು ತಯಾರಿಸುವ ಕಂಪನಿ ಇಲ್ಲಿ ತಾನೇ ಅಂಗಡಿ ಇಟ್ಟು ಹೊಸ ಕಾರು ಮಾರುವಂತಿಲ್ಲ. ನಡುವೆ ಡೀಲರ್ ಇರಲೇಬೇಕು. ಟೆಸ್ಲಾಗೆ ಡೀಲರ್‌ಗಳೇ ಇಲ್ಲ. ಹಾಗಾಗಿ ಅದು ಅಂಗಡಿ ಅಲ್ಲ, 'ಗ್ಯಾಲರಿ'. ಚಿತ್ರಪ್ರದರ್ಶನಕ್ಕೆ ಹೋದ ಹಾಗೆ ನೋಡಿ, ಕೈ ಕಟ್ಟಿಕೊಂಡು ವಾಪಸ್ ಬರಬೇಕಿತ್ತು.

2013ರಲ್ಲಿ, ಮತ್ತೆ 2015ರಲ್ಲಿ ಕಾನೂನು ಬದಲಿಸಲು ಮಸೂದೆ ತಂದರು. ಎರಡೂ ಬಿದ್ದು ಹೋದವು. 2021ರ ಕೊನೆಗೆ ಟೆಸ್ಲಾ ತನ್ನ ಮುಖ್ಯ ಕಚೇರಿಯನ್ನೇ ಆಸ್ಟಿನ್‌ಗೆ ತಂದಿತು. 2022ರ ಏಪ್ರಿಲ್‌ನಲ್ಲಿ ಇಲ್ಲೇ ನದಿ ದಂಡೆ ಮೇಲೆ ದೊಡ್ಡ ಕಾರ್ಖಾನೆಯ ಉದ್ಘಾಟನೆಯೂ ಆಯಿತು. ಆದರೂ ಕಾನೂನು ಅಲ್ಲಾಡಲಿಲ್ಲ. ನಮ್ಮೂರಲ್ಲೇ ತಯಾರಾದ ಕಾರನ್ನು ಕೊಳ್ಳಲು ನಮ್ಮ ರಾಜ್ಯದಲ್ಲಿ ಅಂಗಡಿ ಇಲ್ಲ. ಪಕ್ಕದ ನ್ಯೂ ಮೆಕ್ಸಿಕೋದ್ದು ಇನ್ನೂ ತಮಾಷೆ. ಅಲ್ಲೂ ಇದೇ ನಿಷೇಧ. ಅದಕ್ಕೆ 2021ರಲ್ಲಿ ನಾಂಬೆ ಪ್ವೆಬ್ಲೊ ಅನ್ನೋ ಮೂಲನಿವಾಸಿಗಳ ಜಾಗದಲ್ಲಿ, ಮುಚ್ಚಿಹೋಗಿದ್ದ ಕ್ಯಾಸಿನೋ ಕಟ್ಟಡದೊಳಗೆ ಟೆಸ್ಲಾ ಅಂಗಡಿ ತೆರೆಯಿತು. ಅವರ ನೆಲದಲ್ಲಿ ರಾಜ್ಯದ ಈ ಕಾನೂನು ನಡೆಯಲ್ಲ.

ಡೀಲರ್ ಇದ್ದರೆ ಗ್ರಾಹಕರಿಗೇ ಒಳ್ಳೇದು ಅಂತ ಡೀಲರ್‌ಗಳ ಸಂಘದವರು ಹೇಳುತ್ತಾರೆ. ಇರಬಹುದು. 2022ರಲ್ಲಿ ನಾವು ವ್ಯಾನ್ ಕೊಂಡ ದಿನ ಹೇಳುತ್ತೇನೆ, ಕೇಳಿ. ಕಿಟಕಿಯ ಮೇಲೆ ಎರಡು ಚೀಟಿ. ಒಂದರಲ್ಲಿ ಕಂಪನಿಯ ಬೆಲೆ. ಪಕ್ಕದ ಚೀಟಿಯಲ್ಲಿ 'ಮಾರ್ಕೆಟ್ ಅಡ್ಜಸ್ಟ್‌ಮೆಂಟ್' ಅಂತ ಇನ್ನೂ 4,000 ಡಾಲರ್. ಯಾಕೆ ಅಂದರೆ ಕಾರು ಸಿಗ್ತಿಲ್ಲ, ಅದಕ್ಕೆ. ಸೇಲ್ಸ್‌ನವನು ಹೆಚ್ಚು ಕಡಿಮೆ ಅರ್ಧ ಗಂಟೆಗೊಮ್ಮೆ "ಮ್ಯಾನೇಜರ್ ಹತ್ರ ಮಾತಾಡಿ ಬರ್ತೀನಿ" ಅಂತ ಎದ್ದು ಹೋಗೋನು. ಗಾಜಿನಾಚೆ ನೋಡಿದರೆ ಇಬ್ಬರೂ ಕಾಫಿ ಕುಡೀತಾ ನಿಂತಿದ್ದರು. ಕೊನೆಗೆ ಫೈನಾನ್ಸ್ ರೂಮು. ಟೈರಿಗೆ ನೈಟ್ರೋಜನ್ ತುಂಬಿದ್ದಕ್ಕೆ 199 ಡಾಲರ್! ನಾವು ಉಸಿರಾಡೋ ಗಾಳಿಯಲ್ಲೇ ಮುಕ್ಕಾಲು ಪಾಲು ಅದೇ ಇದೆಯಲ್ಲಪ್ಪಾ ಅಂದೆ. ಅವನು ನಗಲಿಲ್ಲ. ಮಗಳು ಸೋಫಾ ಮೇಲೆ ನಿದ್ದೆ ಹೋಗಿದ್ದಳು.

ಈ ಸಿಟ್ಟನ್ನು ಹುಬ್ಬಳ್ಳಿಯ ಕಾಕಾನ ಮುಂದೆ ಫೋನಲ್ಲಿ ತೋಡಿಕೊಂಡೆ. ಕಾಕಾ ಗೋಕುಲ ರಸ್ತೆಯ ಒಂದು ಕಾರ್ ಶೋರೂಮಿನಲ್ಲಿ ಸ್ಪೇರ್ ಪಾರ್ಟ್ಸ್ ಕೌಂಟರ್ ನೋಡಿಕೊಳ್ಳುತ್ತಿದ್ದರು. ವಿದೇಶಿ ಕಂಪನಿಯ ಕಾರು. ನನ್ನ ಪರ ಮಾತಾಡ್ತಾರೆ ಅಂದುಕೊಂಡಿದ್ದೆ.

"ಡೀಲರ್ ಕಷ್ಟಾನೂ ಕೇಳವಾ" ಅಂದರು. "ನಮ್ಮ ಸಾಹುಕಾರ್ರು ಮನಿ ಒತ್ತಿ ಇಟ್ಟು ಶೋರೂಮ್ ಕಟ್ಟಿಸಿದ್ರು. ಟೈಲ್ಸ್ ಬಣ್ಣಾನೂ ಕಂಪನಿಯವ್ರು ಹೇಳಿದ್ದ ಹಾಕ್ಬೇಕಿತ್ತು. ಒಂದಿನ ಅವ್ರು ದೇಶಾನ ಬಿಟ್ಟು ಹೊಂಟ್ರು. ಟೈಲ್ಸ್ ನಮ್ಮ ಹತ್ರ ಉಳದ್ವು."

ನಾನು ಸುಮ್ಮನಾದೆ. ವಿದೇಶಿ ಕಂಪನಿಗಳು ಒಂದೊಂದಾಗಿ ಭಾರತದಿಂದ ಗಂಟುಮೂಟೆ ಕಟ್ಟಿದಾಗ ಡೀಲರ್‌ಗಳ ಒಕ್ಕೂಟ ಫಾಡಾ ಕೇಳಿದ್ದೂ ಅದನ್ನೇ, ನಮ್ಮನ್ನು ಕಾಯಲು ಒಂದು ಕಾನೂನು ಮಾಡಿ ಅಂತ. ಅಮೆರಿಕದಲ್ಲೂ ಕಥೆ ಶುರುವಾಗಿದ್ದು ಹಾಗೇ. 1920-21ರಲ್ಲಿ ವ್ಯಾಪಾರ ಬಿದ್ದಾಗ ಹೆನ್ರಿ ಫೋರ್ಡ್ ಬೇಡದ ಕಾರುಗಳನ್ನೆಲ್ಲ ಡೀಲರ್‌ಗಳ ಬಾಗಿಲಿಗೆ ಕಳಿಸಿದ. ತಗೊಂಡು ದುಡ್ಡು ಕೊಡಿ, ಇಲ್ಲಾಂದ್ರೆ ಏಜೆನ್ಸಿ ಬಿಡಿ. ಅವರು ಬ್ಯಾಂಕಲ್ಲಿ ಸಾಲ ಮಾಡಿ ಕೊಟ್ಟರು. ಇಂಥ ದಬ್ಬಾಳಿಕೆ ಕಂಡೇ ರಾಜ್ಯಗಳು ಕಾನೂನು ಮಾಡಿದ್ದು. 1956ರಲ್ಲಿ ಕೇಂದ್ರದಲ್ಲೂ ಒಂದು ಬಂತು. ಸರಿಯಾದ ಕಾನೂನೇ. ಕಂಪನಿ ತನ್ನದೇ ಡೀಲರ್‌ನ ಹೊಟ್ಟೆಗೆ ಹೊಡೆಯಬಾರದು. ಆದರೆ ಟೆಸ್ಲಾಗೆ ಹೊಡೆಯೋಕೆ ಡೀಲರೇ ಇರಲಿಲ್ಲವಲ್ಲ. ಇಲ್ಲದ ಸೊಸೆಯನ್ನು ಕಾಡಬೇಡ ಅಂತ ಅತ್ತೆಗೆ ಬೈದ ಹಾಗಾಯಿತು.

ಈ ವಾದ ಎಲ್ಲಿ ಶುರುವಾದರೂ ಮುಗಿಯೋದು ಅಮೆರಿಕ ಸರ್ಕಾರ ಕಾರು ಕಂಪನಿಗಳಿಗೆ ಕೊಟ್ಟ ಸಾಲದಲ್ಲಿ. ನಮ್ಮ ಬೀದಿಯಲ್ಲೇ ಒಬ್ಬರಿದ್ದಾರೆ. ಡೀಲರ್ ಕಾನೂನು ಇರಲೇಬೇಕು ಅನ್ನುತ್ತಾರೆ, ಟೆಸ್ಲಾ ಮಾತ್ರ ಸರ್ಕಾರದ ದುಡ್ಡಲ್ಲಿ ಬೆಳೆದದ್ದು ಅಂತ ಗೊಣಗುತ್ತಾರೆ. ನಾನು ಹೊಟ್ಟೆಪಾಡಿಗೆ ಲೆಕ್ಕ ಬರೆಯೋಳು. ಸಾಲ ಅಂದರೆ ಕಿವಿ ನೆಟ್ಟಗಾಗುತ್ತೆ.

ಆ ಸಾಲದ ಯೋಜನೆ ಹುಟ್ಟಿದ್ದು 2007ರಲ್ಲಿ, ಆಗಿನ ಅಧ್ಯಕ್ಷ ಬುಷ್ ಸಹಿ ಹಾಕಿದ ಕಾಯ್ದೆಯಿಂದ. ಟೆಸ್ಲಾಗೆ ಸಿಕ್ಕಿದ್ದು 46.5 ಕೋಟಿ ಡಾಲರ್. ಅದೇ ಯೋಜನೆಯಲ್ಲಿ ಫೋರ್ಡ್‌ಗೆ ಸಿಕ್ಕಿದ್ದು 590 ಕೋಟಿ! ಅದನ್ನು ಆ ನೆರೆಯವರು ಎತ್ತೋದೇ ಇಲ್ಲ. ಟೆಸ್ಲಾ 2013ರ ಮೇ ತಿಂಗಳಲ್ಲಿ, ಒಂಬತ್ತು ವರ್ಷ ಮುಂಚೆ, ಬಡ್ಡಿ ಸಮೇತ ತೀರಿಸಿತು. ಅದೇ ಯೋಜನೆಯಲ್ಲಿ ಸಾಲ ಪಡೆದ ಫಿಸ್ಕರ್ ಅನ್ನೋ ಇನ್ನೊಂದು ಎಲೆಕ್ಟ್ರಿಕ್ ಕಂಪನಿ ಮುಳುಗಿತು. ಸರ್ಕಾರಕ್ಕೆ ಸುಮಾರು 13.9 ಕೋಟಿ ಡಾಲರ್ ಕೈಬಿಟ್ಟಿತು.

ನನಗೆ ಚುಚ್ಚೋದು ಬೇರೆ. ಸಾಲದ ಜೊತೆ ಸರ್ಕಾರಕ್ಕೆ ಟೆಸ್ಲಾದ ಸುಮಾರು 30 ಲಕ್ಷ ಷೇರುಗಳನ್ನು ಹಳೇ ಬೆಲೆಗೆ ಕೊಳ್ಳುವ ಹಕ್ಕು ಇತ್ತು. ಷೇರಿಗೆ ಹತ್ತು ಡಾಲರಿಗಿಂತ ಕಡಿಮೆ. ಆದರೆ ಬೇಗ ಸಾಲ ತೀರಿಸಿದರೆ ಆ ಹಕ್ಕು ಹೋಗುತ್ತೆ ಅಂತ ಕರಾರಿನಲ್ಲೇ ಬರೆದಿತ್ತು. ತೀರಿಸಿದ ದಿನಗಳಲ್ಲಿ ಷೇರು 90 ಡಾಲರ್ ಆಸುಪಾಸಿನಲ್ಲಿತ್ತು. ಗುಣಿಸಿ ನೋಡಿ. ಫಿಸ್ಕರ್ ನಷ್ಟ ತುಂಬಿಕೊಂಡು ಇನ್ನೂ ಮಿಕ್ಕುತ್ತಿತ್ತು. ಬೇಗ ವಾಪಸ್ ಬರಲಿ ಅನ್ನೋ ಆಸೆಗೆ ಹಾಕಿದ ಷರತ್ತು, ಒಪ್ಪುತ್ತೇನೆ. ಆದರೂ ಮುಳುಗಿದವನ ನಷ್ಟ ನಮಗೆ, ಗೆದ್ದವನ ಲಾಭ ಅವನಿಗೇ ಅನ್ನೋ ಕರಾರನ್ನು ನನ್ನ ಆಫೀಸಲ್ಲಿ ಯಾರಾದರೂ ಬರೆದು ತಂದಿದ್ದರೆ ಕೆಂಪು ಪೆನ್ನಲ್ಲಿ ಗೀಚಿ ವಾಪಸ್ ಕಳಿಸುತ್ತಿದ್ದೆ.

ಹಾಗಂತ ಈ ಸಾಲವನ್ನೂ ಡೀಲರ್ ಕಾನೂನನ್ನೂ ಒಂದೇ ತಕ್ಕಡಿಯಲ್ಲಿ ಇಡೋಕೆ ನನಗೆ ಮನಸ್ಸಿಲ್ಲ. ಸಾಲಕ್ಕೆ ಮೊತ್ತ ಇತ್ತು, ಬಡ್ಡಿ ಇತ್ತು, ತೀರಿಸೋ ತಾರೀಖು ಇತ್ತು. ಎಷ್ಟು ಹೋಯಿತು, ಎಷ್ಟು ಬಂತು ಅಂತ ನಾನು ಮನೆಯಲ್ಲಿ ಕೂತು ಲೆಕ್ಕ ಹಾಕಬಲ್ಲೆ. ಡೀಲರ್ ಕಾನೂನಿಗೆ ತಾರೀಖೇ ಇಲ್ಲ. ಅದಕ್ಕೆ ನಾನು ಕೊಟ್ಟ ಬೆಲೆ ಎಷ್ಟು? ಆ 4,000 ಡಾಲರಾ? 199ಆ? ಯಾವ ಪುಸ್ತಕದಲ್ಲೂ ಬರೆದಿಲ್ಲ.

ಕಳೆದ ವಾರ ಇದನ್ನೆಲ್ಲ ಕಾಕಾನಿಗೆ ಹೇಳಿದೆ. 2025ರ ಜುಲೈನಲ್ಲಿ ಟೆಸ್ಲಾ ಮುಂಬೈಗೂ ಬಂತು, ಅಲ್ಲಿ ಡೀಲರ್ ಇಲ್ಲದೆ ತಾನೇ ಮಾರ್ತಿದೆ, ಯಾರೂ ತಡೀಲಿಲ್ಲ, ನೋಡಿ ಅಂದೆ. ಕಾಕಾ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

"ಛಲೋ ಆತು ಬಿಡು" ಅಂದರು. "ನಾಳೆ ಅವ್ರೂ ಹೊಂಟ್ರ, ಸ್ಪೇರ್ ಪಾರ್ಟ್ಸ್ ಯಾರ ಕಡೆ ಕೇಳೂದು?"