ಸಾಲಿನ ಕೊನೆಯಲ್ಲಿ ನಡೆದ ದಿನ

ನಮ್ಮ ಬಡಾವಣೆಯ ಸಂಘದವರು ಆಗಾಗ ಭಾನುವಾರ ಬೆಳಗ್ಗೆ ನಡಿಗೆ ಇಟ್ಟುಕೊಳ್ಳುತ್ತಾರೆ. ಒಮ್ಮೆ ಹಕ್ಕಿ, ಒಮ್ಮೆ ಹಳೇ ಕಟ್ಟಡ, ಒಮ್ಮೆ ಮರ. ನಡಿಗೆ ಮುಗಿದ ಮುಂದಿನ ವಾರ ಅದೇ ವಿಷಯದ ಮೇಲೆ ಒಂದು ಮಾತುಕತೆ. ಈ ಸಲ ಮರಗಳ ನಡಿಗೆ. ಹಿಂದಿನ ದಿನ ಕಾರ್ಯದರ್ಶಿ ಅಕ್ಕ ಫೋನ್ ಮಾಡಿ, "ನಾಳೆ ಸಾಲಿನ ಕೊನೆ ನಿಮ್ಮದು. ನಿಮ್ಮ ಹಿಂದೆ ಯಾರೂ ಉಳಿಯಬಾರದು, ಅಷ್ಟೇ ಕೆಲಸ" ಎಂದರು.

ಇಂಥ ನಡಿಗೆಗಳ ಹಿಂದೆ ಎಷ್ಟು ತಯಾರಿ ಇರುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಅವತ್ತು. ಅಕ್ಕ ಮತ್ತು ಮರಗಳ ಬಗ್ಗೆ ಹೇಳುವ ಮೇಷ್ಟ್ರು ಮೊದಲೇ ಒಂದು ದಿನ, ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ನಡೆದು ಬಂದಿದ್ದರು. ನೆರಳು ಎಲ್ಲಿ ಬೀಳುತ್ತದೆ, ಗಾಡಿಗಳ ಸದ್ದು ಎಲ್ಲಿ ಜಾಸ್ತಿ, ಕೂರಲು ಕಟ್ಟೆ ಎಲ್ಲಿದೆ, ಶೌಚಾಲಯ ಎಷ್ಟು ದೂರ, ಎಲ್ಲ ಬರೆದಿಟ್ಟುಕೊಂಡಿದ್ದರು. ಮೇಷ್ಟ್ರು ಪ್ರತಿ ಸಲವೂ ಬಿಸಿಲಿಗೆ ತಾವೇ ಮುಖ ಮಾಡಿ ನಿಲ್ಲುತ್ತಿದ್ದರು. ಕೇಳುವವರ ಕಣ್ಣಿಗೆ ಬಿಸಿಲು ಹೊಡೆದರೆ ಯಾರೂ ಮರ ನೋಡುವುದಿಲ್ಲ, ಅಲ್ವಾ? ನಡೆಯುತ್ತಾ ಅವರು ಮಾತಾಡುವುದೇ ಇಲ್ಲ. ನಿಂತು, ಎಲ್ಲರೂ ಸೇರಿದ ಮೇಲೆಯೇ ಬಾಯಿ ತೆರೆಯುತ್ತಾರೆ.

ಆದರೂ ಹಿಂದೆ ಇರುವವರಿಗೆ ಒಂದು ಅನ್ಯಾಯ ಆಗುತ್ತದೆ. ಮುಂದಿನವರು ಬೇಗ ತಲುಪಿ ನಿಂತು ಸುಧಾರಿಸಿಕೊಂಡಿರುತ್ತಾರೆ. ಕೊನೆಯವರು ಏದುಸಿರು ಬಿಡುತ್ತಾ ಬಂದ ತಕ್ಷಣ ಮಾತು ಶುರು. ಅದು ಮುಗಿದ ಕೂಡಲೇ ಮತ್ತೆ ನಡಿಗೆ. ಯಾರಿಗೆ ವಿಶ್ರಾಂತಿ ಹೆಚ್ಚು ಬೇಕೋ ಅವರಿಗೇ ಅದು ಸಿಗುವುದಿಲ್ಲ. ನನ್ನ ಜೊತೆ ಕೊನೆಯಲ್ಲಿ ಕೋಲು ಹಿಡಿದ ಒಬ್ಬ ಅಜ್ಜಿ ಇದ್ದರು. ಎರಡನೇ ಮರದ ಹೊತ್ತಿಗೆ ಮೇಷ್ಟ್ರಿಗೆ ಕೈ ಎತ್ತಿ ತೋರಿಸಿದೆ. ಅವರಿಗೆ ಅರ್ಥವಾಯಿತು. ಆಮೇಲೆ ಪ್ರತಿ ಕಡೆಯೂ ಅಜ್ಜಿ ಬಂದು, ಕೋಲು ಊರಿ, ಒಂದೆರಡು ಗುಟುಕು ನೀರು ಕುಡಿದ ಮೇಲೆಯೇ ಅವರು ಶುರು ಮಾಡಿದ್ದು. ನಡಿಗೆಯ ವೇಗ ಎಲ್ಲರಿಗಿಂತ ನಿಧಾನ ನಡೆಯುವವರ ವೇಗವೇ ಆಗಿರಬೇಕು. ಈ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಅತ್ತಿ ಮರದ ಹತ್ತಿರ ಬಹಳ ಹೊತ್ತು ನಿಂತೆವು. ಕಾಂಡದಲ್ಲೇ ಗೊಂಚಲು ಗೊಂಚಲು ಕಾಯಿ. ಮೇಷ್ಟ್ರು ಬಿದ್ದಿದ್ದ ಒಂದನ್ನು ಎತ್ತಿ ಬಿಡಿಸಿ, ಭೂತಗನ್ನಡಿಯನ್ನು ಮೊದಲು ಒಬ್ಬ ಪುಟ್ಟ ಹುಡುಗನ ಕೈಗೆ ಕೊಟ್ಟರು. ಅತ್ತಿ ಹಣ್ಣು ಬಿಡಿಸಿದರೆ ಬರೀ ಹುಳ ಅನ್ನುವ ಮಾತು ಎಲ್ಲರಿಗೂ ಗೊತ್ತು. ಆ ಹುಳ ಅಲ್ಲಿ ಯಾಕಿದೆ ಅಂತ ನಾನು ಯೋಚಿಸಿದ್ದು ಅವತ್ತೇ. ನಾವು ಹಣ್ಣು ಅನ್ನುವುದರ ಒಳಗೆ ನೂರಾರು ಸಣ್ಣ ಹೂಗಳಿವೆ. ತುದಿಯಲ್ಲಿರುವ ಕಿರಿದಾದ ಬಾಯಿಯಿಂದ ಪುಟ್ಟ ಹೆಣ್ಣು ಕಣಜ ಒಳಗೆ ನುಗ್ಗುತ್ತದೆ. ನುಗ್ಗುವಾಗ ಸಾಮಾನ್ಯವಾಗಿ ಅದರ ರೆಕ್ಕೆಯೇ ಕಿತ್ತುಹೋಗುತ್ತದೆ. ತಾನು ಹುಟ್ಟಿದ ಕಾಯಿಯಿಂದ ತಂದ ಪರಾಗವನ್ನು ಹೂಗಳಿಗೆ ಸೋಕಿಸಿ, ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ. ಕೆಲವು ವಾರಗಳ ಮೇಲೆ ಮೊದಲು ಹೊರಬರುವುದು ರೆಕ್ಕೆಯಿಲ್ಲದ ಗಂಡು. ಅವು ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆ ಕೊರೆದು ದಾರಿ ಮಾಡಿ ಸಾಯುತ್ತವೆ. ಆ ದಾರಿಯಲ್ಲಿ ಹೆಣ್ಣು ಕಣಜಗಳು ಪರಾಗ ಹೊತ್ತು ಹೊರಗೆ ಹಾರುತ್ತವೆ. ಅತ್ತಿ, ಆಲ, ಅರಳಿ ಸೇರಿ ಈ ಕುಲದಲ್ಲಿ 750ಕ್ಕೂ ಹೆಚ್ಚು ಜಾತಿಗಳಿವೆ. ಹೆಚ್ಚಿನವಕ್ಕೆ ಅವುಗಳದೇ ಆದ ಕಣಜವಿದೆ.

ಹುಡುಗ ಭೂತಗನ್ನಡಿ ವಾಪಸ್ ಕೊಡಲೇ ಇಲ್ಲ. ಯಾರೂ ಕೇಳಲೂ ಇಲ್ಲ.

ಮುಂದೆ ಒಂದು ಅರಳಿ ಕಟ್ಟೆ. ಎಲ್ಲರೂ ಮರ ನೋಡುತ್ತಿದ್ದರೆ ಅಜ್ಜಿ ಮಾತ್ರ ಪಕ್ಕದ ಕಲ್ಲು ನೋಡುತ್ತಿದ್ದರು. ಆಮೇಲೆ ನನ್ನ ಕೈ ಹಿಡಿದು ನನ್ನ ಬೆರಳನ್ನು ಆ ಕಲ್ಲಿನ ಅಂಚಿಗೆ ಇಟ್ಟರು. ಅಲ್ಲಿ ನುಣ್ಣಗೆ ಸವೆದ ಗೀರುಗಳು. ಬೆರಳು ಸರಿಯಾಗಿ ಕೂರುವಷ್ಟು ಆಳ. "ಹಗ್ಗ ಉಜ್ಜಿದ್ದಮ್ಮ. ಇಲ್ಲಿ ಬಾವಿ ಇತ್ತು. ಮುಚ್ಚಿದಾಗ ಬಾಯಿಕಲ್ಲು ತಂದು ಕಟ್ಟೆಗೆ ಸೇರಿಸಿದರು" ಎಂದರು.

"ಎಲ್ಲರಿಗೂ ಹೇಳಿ ಅಜ್ಜಿ" ಅಂದೆ. "ಅಯ್ಯೋ, ನಾನೇನು ಓದಿದವಳಾ" ಅಂತ ಹಿಂದೆ ಸರಿದರು. ಅಷ್ಟರಲ್ಲಿ ಮೇಷ್ಟ್ರು ಕಟ್ಟೆಯಿಂದ ಇಳಿದು ಬಂದು ತಾವೇ ಕೇಳುವವರ ಸಾಲಿನಲ್ಲಿ ನಿಂತರು. ಅಜ್ಜಿ ಹೇಳಿದರು. ಯಾವ ಕಡೆಯಿಂದ ಮೆಟ್ಟಿಲು ಇತ್ತು, ಬೇಸಿಗೆಯಲ್ಲಿ ನೀರು ಎಷ್ಟು ಕೆಳಗೆ ಹೋಗುತ್ತಿತ್ತು, ನಸುಕಿನಲ್ಲಿ ಸೇದಲು ಯಾರು ಮೊದಲು ಬರುತ್ತಿದ್ದರು. ಜನ ಒಬ್ಬೊಬ್ಬರಾಗಿ ಬಂದು ಕಲ್ಲು ಮುಟ್ಟಿ ನೋಡಿದರು. ಎಷ್ಟೋ ಜನ ದಿನಾ ಸಂಜೆ ಆ ಕಲ್ಲಿನ ಮೇಲೆಯೇ ಕೂತು ಹರಟುತ್ತಾರೆ.

ಕೆನಡಾದ ಟೊರೊಂಟೊದಲ್ಲಿ 2007ರಲ್ಲಿ ಜೇನ್ಸ್ ವಾಕ್ ಅಂತ ಇಂಥದ್ದೇ ನಡಿಗೆ ಶುರುವಾಯಿತು. ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ 2006ರಲ್ಲಿ ತೀರಿಕೊಂಡ ಮೇಲೆ, ಅವರ ನೆನಪಿಗೆ. ಈಗ ಅನೇಕ ದೇಶಗಳಲ್ಲಿ ಮೇ ತಿಂಗಳ ಮೊದಲ ವಾರಾಂತ್ಯದಲ್ಲಿ ನಡೆಯುತ್ತದೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಏನೆಂದರೆ, ನಡೆಸುವವರು ಪಂಡಿತರೇ ಆಗಬೇಕಿಲ್ಲ. ಅಲ್ಲಿ ಬಾಳುವವರೇ ಸಾಕು. ಅವತ್ತು ಕಟ್ಟೆಯ ಹತ್ತಿರ ನಡೆದದ್ದೂ ಅದೇ.

ಮುಂದಿನ ವಾರದ ಮಾತುಕತೆಗೆ ಸಭಾಂಗಣ ತುಂಬಿತ್ತು. ನಡಿಗೆ ಮೊದಲು, ಭಾಷಣ ಆಮೇಲೆ ಅನ್ನುವ ಕ್ರಮವೇ ಸರಿ ಅಂತ ನನಗೆ ಅನ್ನಿಸುತ್ತದೆ. ಕಣ್ಣಾರೆ ನೋಡಿ ಬಂದವರ ಬಳಿ ಪ್ರಶ್ನೆ ಇರುತ್ತದೆ. ಆ ಹುಡುಗ ಮೈಕ್ ಇಸಿದುಕೊಂಡು, "ಮರ ಕಡಿದರೆ ಕಣಜ ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದ. ಮೇಷ್ಟ್ರು ಸ್ಲೈಡುಗಳನ್ನು ಅಲ್ಲೇ ನಿಲ್ಲಿಸಿದರು. ಹೊರಗೆ ಬಂದ ಹೆಣ್ಣು ಕಣಜದ ಆಯಸ್ಸು ಒಂದೆರಡು ದಿನ ಅಷ್ಟೇ. ಒಂದು ಮರದ ಕಾಯಿಗಳು ಸಾಮಾನ್ಯವಾಗಿ ಒಟ್ಟಿಗೇ ಬಲಿಯುತ್ತವೆ, ಹಾಗಾಗಿ ಅದಕ್ಕೆ ಬೇಕಾದ ಎಳೆ ಕಾಯಿ ಬೇರೆ ಮರದಲ್ಲಿರಬೇಕು. ಗಾಳಿಯ ಜೊತೆ ಬಹಳ ದೂರ ಹೋಗಬಲ್ಲದು, ಆದರೆ ತಲುಪಲು ಅಲ್ಲೊಂದು ಮರ ಬೇಕಲ್ಲ. ಒಂದು ಮರ ಉಳಿಸಿದರೆ ಸಾಲದು, ಸುತ್ತಮುತ್ತ ಹಲವು ಇರಬೇಕು ಎಂದರು. ಹುಡುಗ ಅಲ್ಲೇ ಕೂತು ತನಗೆ ಗೊತ್ತಿರುವ ಅತ್ತಿ ಮರಗಳನ್ನೆಲ್ಲ ಬರೆಯತೊಡಗಿದ. ಸಂಘದವರು ಈಗ ಆ ಪಟ್ಟಿ ಮುಂದುವರಿಸುತ್ತಿದ್ದಾರೆ.

ಮುಂದಿನ ನಡಿಗೆ ಹಳೇ ಬಾವಿಗಳದ್ದು. ನಡೆಸಿಕೊಡುವವರು ಅಜ್ಜಿ. ದೂರ ಅರ್ಧಕ್ಕೆ ಇಳಿದಿದೆ, ಸಮಯ ಮಾತ್ರ ಅಷ್ಟೇ ಇದೆ. ನಿಲ್ಲುವ ಪ್ರತಿ ಕಡೆಯೂ ಕೂರಲು ಜಾಗ ಇರುವಂತೆ ಅಕ್ಕ ದಾರಿ ಬದಲಿಸಿದ್ದಾರೆ. ಅಜ್ಜಿಯ ಷರತ್ತು ಒಂದೇ: ಮೈಕ್ ಬೇಡ, ಮಕ್ಕಳು ಮುಂದೆ ನಿಲ್ಲಬೇಕು.