ಹಿಂದಕ್ಕೆ ಜಿಗಿಯುವ ಮಾರಿಯೋ

ವಿಡಿಯೋ ಗೇಮ್‌ನ ದೋಷಗಳನ್ನು ಬಳಸಿ ಆದಷ್ಟು ಬೇಗ ಆಟ ಮುಗಿಸುವ ಸ್ಪೀಡ್‌ರನ್ ನೋಡುವುದರಲ್ಲಿ ಏನು ಮಜಾ, ಅದು ಮೋಸವಲ್ಲವೇ ಎಂದು ತಮ್ಮ ಕೇಳುತ್ತಾನೆ. ಅವನಿಗೆ ಸೂಪರ್ ಮಾರಿಯೋ 64 ತೋರಿಸಿದೆ. 1996ರ ಆಟ. 70 ನಕ್ಷತ್ರ ಸಿಗುವ ತನಕ ಕೊನೆಯ ಮೆಟ್ಟಿಲುಗಳು ಮುಗಿಯುವುದೇ ಇಲ್ಲ. ಆದರೆ ಮುನ್ನುಗ್ಗುವ ವೇಗಕ್ಕೆ ಮಿತಿ ಹಾಕಿದವರು ಹಿಂದಕ್ಕೆ ಹೋಗುವ ವೇಗವನ್ನು ಹಾಗೆಯೇ ಬಿಟ್ಟಿದ್ದರು! ಮೆಟ್ಟಿಲಿಗೆ ಬೆನ್ನು ಕೊಟ್ಟು ಗುಂಡಿಯನ್ನು ಪಟಪಟ ಒತ್ತಿದರೆ ಪ್ರತಿ ಜಿಗಿತಕ್ಕೂ ವೇಗ ಒಂದೂವರೆ ಪಟ್ಟು. ಮಾರಿಯೋ 'ಯಾಹೂ, ಯಾಹೂ' ಎಂದು ಕಿರುಚುತ್ತ ಹಿಮ್ಮುಖವಾಗಿಯೇ ಮೇಲೇರಿಬಿಡುತ್ತಾನೆ. ಒಂದೂ ನಕ್ಷತ್ರವಿಲ್ಲದೆ 7 ನಿಮಿಷದೊಳಗೆ ಆಟ ಖತಂ. (1997ರ ಜಪಾನಿನ ಶಿಂಡೋ ಆವೃತ್ತಿಯಲ್ಲಿ ಈ ಕಿಂಡಿ ಮುಚ್ಚಿದರು, ಪುಣ್ಯಾತ್ಮರು.)

ತಮ್ಮ ಬಿದ್ದು ಬಿದ್ದು ನಕ್ಕ. ಬೆರಳಿನ ಲಯ ತಪ್ಪಿದರೆ ಎಲ್ಲ ಹಾಳು ಎಂಬುದು ಕಣ್ಣಿಗೇ ಕಾಣುತ್ತದೆ.

ಜೆಲ್ಡಾ ಸರಣಿಯ ಆಟ ಒಕರಿನಾ ಆಫ್ ಟೈಮ್‌ನ ಹೊಸ ಸ್ಪೀಡ್‌ರನ್‌ಗಳು ಮಾತ್ರ ನನಗೆ ರುಚಿಸುವುದಿಲ್ಲ. ಆಟಗಾರನ ಹೆಸರಿನ ಜಾಗದಲ್ಲಿ ಚಿತ್ರವಿಚಿತ್ರ ಅಕ್ಷರ, ಒಂದು ಕಲ್ಲು ಎತ್ತುವುದು, ಒಂದಿಷ್ಟು ಓಡಾಟ, ಆಮೇಲೆ ಸೀದಾ ಅಂತಿಮ ದೃಶ್ಯ. ಬುದ್ಧಿವಂತಿಕೆ ಅಪಾರ, ಒಪ್ಪುತ್ತೇನೆ. ಆದರೆ ಕರಾಮತ್ತೆಲ್ಲ ಯಂತ್ರದ ಮೆಮೊರಿಯೊಳಗೆ. ಪಕ್ಕದಲ್ಲಿ ವಿವರಿಸುವವರಿಲ್ಲದಿದ್ದರೆ ಪರದೆಯ ಮೇಲೆ ನೋಡುವುದಕ್ಕೆ ಏನಿದೆ?