ಕೋರ್ ನಕ್ಷೆ ಟೂಲ್: ಲಿನಕ್ಸ್ ಆಯಿತು, ಮ್ಯಾಕ್ ಆಯಿತು, ವಿಂಡೋಸ್ ಬಾಕಿ

ಯಾವ ಮಷೀನ್ ಮೇಲೆ ಓಡಿಸಿದರೂ ಯಾವ ಥ್ರೆಡ್ (ಒಂದು ಕೋರ್ ಒಟ್ಟೊಟ್ಟಿಗೆ ಓಡಿಸಬಲ್ಲ ಕೆಲಸದ ಸಾಲು) ಯಾವ ಕೋರಿನದು (ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕ) ಅಂತ ಒಂದೇ ರೀತಿಯಲ್ಲಿ ತೋರಿಸುವ ಚಿಕ್ಕ ಟೂಲ್ ಬರೆಯುತ್ತಿದ್ದೇನೆ. ಲಿನಕ್ಸ್ ಭಾಗ ಈಗ ಚೆನ್ನಾಗಿ ಓಡುತ್ತಿದೆ.

ಇಂಟೆಲ್, ಎಎಂಡಿ ಮಷೀನ್‌ಗಳಲ್ಲಿ ಚಿಪ್‌ನ ವಿವರ ಇರುವ ಸಿಪಿಯುಇನ್ಫೋ ಫೈಲ್ ತೆರೆದರೆ ‘ಪ್ರೊಸೆಸರ್’ ಅಂತ ಶುರುವಾಗುವ ಪ್ರತಿ ತುಂಡೂ ಒಂದು ಹಾರ್ಡ್‌ವೇರ್ ಥ್ರೆಡ್, ಪೂರ್ತಿ ಪ್ರೊಸೆಸರ್ ಅಲ್ಲ. ‘ಸಿಪಿಯು ಕೋರ್ಸ್’ ಅಂದರೆ ಒಂದು ಸಾಕೆಟ್‌ನ (ಚಿಪ್ ಕೂರುವ ಜಾಗ) ಕೋರ್‌ಗಳು, ‘ಸಿಬ್ಲಿಂಗ್ಸ್’ ಅಂದರೆ ಅದೇ ಸಾಕೆಟ್‌ನ ಥ್ರೆಡ್‌ಗಳು. ಎರಡೂ ಇಡೀ ಮಷೀನಿನ ಲೆಕ್ಕ ಅಲ್ಲ. ‘ಕೋರ್ ಐಡಿ’ ಒಂದನ್ನೇ ನಂಬುವ ಹಾಗಂತೂ ಇಲ್ಲ, ಯಾಕಂದ್ರೆ ನಡುವೆ ಅಂಕಿಗಳು ಬಿಟ್ಟುಹೋಗಿರುತ್ತವೆ, ಎರಡನೇ ಸಾಕೆಟ್‌ನಲ್ಲಿ ಅದೇ ಅಂಕಿಗಳು ಮತ್ತೆ ಬರುತ್ತವೆ. ಅದಕ್ಕೇ ‘ಫಿಸಿಕಲ್ ಐಡಿ’ಯನ್ನೂ (ಸಾಕೆಟ್‌ನ ನಂಬರ್) ‘ಕೋರ್ ಐಡಿ’ಯನ್ನೂ ಜೋಡಿಸಿ ಕೀ (ಪ್ರತಿ ಕೋರಿನ ಗುರುತು) ಮಾಡಿದ್ದೇನೆ. ಬೇರೆಬೇರೆ ಜೋಡಿ ಎಷ್ಟಿವೆಯೋ ಅಷ್ಟು ಕೋರ್. ಎಆರ್‌ಎಂ ಮಷೀನ್‌ಗಳಲ್ಲಿ ಈ ಸಾಲುಗಳೇ ಇರುವುದಿಲ್ಲ, ಹಾಗಾಗಿ ಈಗ ಎಲ್ಲ ಕಡೆ ಸಿಸ್‌ಎಫ್‌ಎಸ್‌ನ (ಲಿನಕ್ಸ್ ಹಾರ್ಡ್‌ವೇರ್ ವಿವರ ಇಡುವ ಜಾಗ) ಟೋಪಾಲಜಿ ಫೋಲ್ಡರನ್ನೇ ಓದುತ್ತೇನೆ.

ನನಗೆ ತುಂಬಾ ಮುಖ್ಯ ಅನ್ನಿಸಿದ್ದು ನಂಬರ್ ಕೊಡುವ ಕ್ರಮ. 4 ಕೋರ್, 8 ಥ್ರೆಡ್‌ನ ಇಂಟೆಲ್ ಚಿಪ್ ತಗೊಳ್ಳಿ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ 0 ಮತ್ತು 1 ಒಂದೇ ಕೋರಿನ ಥ್ರೆಡ್‌ಗಳು. ಲಿನಕ್ಸ್‌ನಲ್ಲಿ ಹೆಚ್ಚಾಗಿ 0 ಮತ್ತು 4 ಒಂದೇ ಕೋರಿನವು. ಅಂದ್ರೆ ಒಂದು ಪ್ರೋಗ್ರಾಮನ್ನು 0ರಿಂದ 3ರವರೆಗೆ ಕಟ್ಟಿಹಾಕಿದರೆ ಲಿನಕ್ಸ್‌ನಲ್ಲಿ ನಾಲ್ಕೂ ಕೋರ್ ಸಿಗುತ್ತವೆ, ವಿಂಡೋಸ್‌ನಲ್ಲಿ ಎರಡೇ! ಈ ಕ್ರಮ ಮಷೀನಿನಿಂದ ಮಷೀನಿಗೂ ಬದಲಾಗಬಹುದು. ಹಾಗಾಗಿ ನಂಬರ್ ನೋಡಿ ಊಹಿಸುವ ಕೋಡ್ ಬೇಡವೇ ಬೇಡ, ಒಂದೇ ಕೋರಿನ ಥ್ರೆಡ್‌ಗಳು ಯಾವುವು ಅಂತ ಹೇಳುವ ಸಿಬ್ಲಿಂಗ್ ಪಟ್ಟಿಯನ್ನು ಪ್ರತಿ ಸಲ ಓದಲೇಬೇಕು.

ಥ್ರೆಡ್ ಎಣಿಸಿ ಎರಡರಿಂದ ಭಾಗಿಸುವುದೂ ಈಗ ನಡೆಯುವುದಿಲ್ಲ. 2021ರಲ್ಲಿ ಬಂದ ಕೋರ್ ಐ7-12700ಕೆ ನೋಡಿ: 8 ಪಿ-ಕೋರ್‌ಗಳಿಗೆ (ವೇಗದವು) ಎರಡೆರಡು ಥ್ರೆಡ್, 4 ಇ-ಕೋರ್‌ಗಳಿಗೆ (ಕರೆಂಟ್ ಉಳಿಸುವವು) ಒಂದೊಂದೇ. ಒಟ್ಟು 12 ಕೋರ್, 20 ಥ್ರೆಡ್. ಹಾಗಾಗಿ ‘ಪ್ರತಿ ಕೋರಿಗೆ ಇಷ್ಟು ಥ್ರೆಡ್’ ಅನ್ನುವ ಸಾಲನ್ನು ನನ್ನ ಔಟ್‌ಪುಟ್‌ನಿಂದ ತೆಗೆದೇಬಿಟ್ಟೆ.

ಎನ್‌ಪ್ರೊಕ್ ಅನ್ನುವ ಲಿನಕ್ಸ್ ಕಮಾಂಡ್ ಬಗ್ಗೆ ಒಂದು ಮಾತು. ಅದು ಹೇಳುವುದು ಈ ಪ್ರೋಸೆಸ್‌ಗೆ ಓಡಲು ಬಿಟ್ಟಿರುವ ಥ್ರೆಡ್‌ಗಳನ್ನು, ಮಷೀನಿನಲ್ಲಿ ಇರುವಷ್ಟನ್ನೂ ಅಲ್ಲ. ಪ್ರೋಗ್ರಾಮನ್ನು ಕೆಲವೇ ಥ್ರೆಡ್‌ಗಳಿಗೆ ಕಟ್ಟಿಹಾಕುವ ಟಾಸ್ಕ್‌ಸೆಟ್ ಹಾಕಿ ಓಡಿಸಿದರೆ ಉತ್ತರ ಕಡಿಮೆಯಾಗುತ್ತದೆ. ಅದು ಸರಿಯೇ ಅಲ್ವಾ, ಎಷ್ಟು ವರ್ಕರ್ ಶುರು ಮಾಡಬೇಕು ಅನ್ನುವವರಿಗೆ ಬೇಕಾಗಿರುವುದು ಅದೇ. ನನ್ನ ಟೂಲ್ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸುತ್ತದೆ.

ಮ್ಯಾಕ್ ಸುಲಭ. ಸಿಸ್‌ಸಿಟಿಎಲ್ ಕಮಾಂಡ್‌ಗೆ ಕೇಳಿದರೆ ಫಿಸಿಕಲ್‌ಸಿಪಿಯು (ಕೋರ್ ಲೆಕ್ಕ), ಲಾಜಿಕಲ್‌ಸಿಪಿಯು (ಥ್ರೆಡ್ ಲೆಕ್ಕ) ಎರಡನ್ನೂ ಕೊಡುತ್ತದೆ. ಆಪಲ್‌ನ ಸ್ವಂತ ಚಿಪ್‌ಗಳಲ್ಲಿ ಎರಡೂ ಒಂದೇ, ವೇಗದ ಕೋರ್‌ಗಳು ಪರ್ಫ್‌ಲೆವೆಲ್0 ಅಡಿಯಲ್ಲಿ ಪ್ರತ್ಯೇಕವಾಗಿ ಸಿಗುತ್ತವೆ.

ಮುಂದೆ ವಿಂಡೋಸ್. ಅಲ್ಲಿ ಒಂದು ಪ್ರೊಸೆಸರ್ ಗ್ರೂಪ್‌ನಲ್ಲಿ 64 ಲಾಜಿಕಲ್ ಪ್ರೊಸೆಸರ್ (ಅಂದ್ರೆ ಥ್ರೆಡ್) ಮಾತ್ರ ಹಿಡಿಯುತ್ತವೆ. ಅದಕ್ಕಿಂತ ದೊಡ್ಡ ಮಷೀನ್‌ನಲ್ಲಿ ನಂಬರ್ ಮತ್ತೆ 0ಯಿಂದ ಶುರು. ಅಂದ್ರೆ ಅಲ್ಲಿಯ ಕೀಗೆ ಗ್ರೂಪ್ ನಂಬರನ್ನೂ ಸೇರಿಸಬೇಕು.